ಸೂರಿನ ಬಾಣಂತನ, ಜುವೇನಾಳ ನೌಕರಿ

ಮಸ್ಕತ್: ಅಳವಿ ಬೀಜದ ವಿಚಾರಣೆ

ನಾನು ಸಿದ್ದಿ, ಹಳಿಯಾಳದ ಕಡೆಯವಳು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರಂತೆ, ಅವರು ತಪ್ಪಿಸಿಕೊಂಡು ಘಟ್ಟ ಹತ್ತಿದರಂತೆ. ನನಗೆ ಗೊತ್ತಿರುವ ಇತಿಹಾಸ ಇಷ್ಟೇ. ಬಣ್ಣ ಕಪ್ಪು, ಕೂದಲು ಗುಂಗುರು, ಮನೆಯಲ್ಲಿ ಕೊಂಕಣಿ, ಹೊರಗೆ ಧಾರವಾಡ ಸೀಮೆಯ ಕನ್ನಡ, ಸಿಟ್ಟು ಮಾತ್ರ ಸ್ವಂತದ್ದು. ಹೆಸರು ಫಿಲೋಮಿನಾ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ನನ್ನ ಪಿಂಚಣಿಯ ಕಾಗದಗಳು ಇನ್ನೂ ಅಲ್ಲೇ ಓಡಾಡುತ್ತಿವೆ.

ಆ ಆಸ್ಪತ್ರೆಯಲ್ಲಿ ನನ್ನ ಜೊತೆಗೆ ಡ್ಯೂಟಿ ಮಾಡಿದವಳು ಶಾಂತಾ. ಧಾರವಾಡದವಳು, ಮೃದು ಸ್ವಭಾವ, ಅಕ್ಷರ ಮುತ್ತಿನಂಥದು, ಇರುವೆಗೂ ದಾರಿ ಬಿಡುವ ಪುಕ್ಕಲಿ. ಅವಳ ಮಗಳು ಸುಮಾ ಒಮಾನಿನ ಸೂರ್ ಪಟ್ಟಣದಲ್ಲಿ ಹೆರುವವಳಿದ್ದಳು. "ಫಿಲ್ಲೂ, ಒಬ್ಬಾಕಿ ಹೋಗಾಕ ನನಗ ಧೈರ್ಯಿಲ್ಲ. ಕೂಸಿಗೆ ನೀರ್ ಹಾಕೋದು ನಿನ್ನಂಗ ನನಗ ಬರಂಗಿಲ್ಲ. ನೀನೂ ಬಾ" ಎಂದಳು. ಹೀಗೆ ನನ್ನ ಮೊದಲ ವಿದೇಶ ಪ್ರವಾಸದ ಉದ್ದೇಶ ಬಾಣಂತನ. ಜನ ತಾಜಮಹಲು ನೋಡಲು ಹೋಗುತ್ತಾರೆ, ನಾನು ಬೇರೆಯವರ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಸಮುದ್ರ ದಾಟಿದೆ.

ಮಸ್ಕತ್ತಿನಲ್ಲಿ ಕಸ್ಟಮ್ಸ್‌ನವರು ನನ್ನ ಬ್ಯಾಗನ್ನೇ ಹಿಡಿದರು. ಒಳಗೆ ಅಂಟು, ಒಣಕೊಬ್ಬರಿ, ಬಜೆ, ಎರಡು ಸೇರು ಅಳವಿ ಬೀಜ. ಕೆಂಪಗೆ ಸಣ್ಣಗಿರುವ ಆ ಬೀಜ ನೋಡಿದರೆ ಯಾರಿಗೂ ಅನುಮಾನ ಬರಬೇಕಾದದ್ದೇ. ಶಾಂತಾ ಪಕ್ಕದಲ್ಲಿ ನಿಂತು ಆಗಲೇ ವಿಭೂತಿ ಹಚ್ಚಿಕೊಳ್ಳತೊಡಗಿದ್ದಳು. ತಪಾಸಣೆಗೆ ನಿಂತಿದ್ದ ಹೆಣ್ಣುಮಗಳು ನನ್ನದೇ ಬಣ್ಣ, ನನ್ನದೇ ಮೂಗು. ಅವಳು ನನ್ನ ಮುಖ ನೋಡಿ ಅರಬ್ಬಿಯಲ್ಲಿ ಏನೋ ಕೇಳಿದಳು. ತಿಳಿಯದೆಂದು ಕೈಯಾಡಿಸಿದೆ. ಇನ್ನೊಂದು ಭಾಷೆಯಲ್ಲಿ ಕೇಳಿದಳು. ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಎಂದು ಆಮೇಲೆ ತಿಳಿಯಿತು. ಒಮಾನಿನ ಎಷ್ಟೋ ಮನೆತನಗಳಿಗೆ ಜಂಜಿಬಾರಿನ ನಂಟು, ಅಲ್ಲಿ ನಮ್ಮಂತೆ ಕಾಣುವವರು ಬೇಕಾದಷ್ಟು ಮಂದಿ. ನಾನು ನನ್ನ ಹರಕು ಹಿಂದಿಯಲ್ಲಿ "ಬೇಬಿ, ಬೇಬಿ ಕೀ ಮಾ" ಎಂದೆ. ಅವಳು ಬೀಜವನ್ನು ಬೆರಳಲ್ಲಿ ತಿಕ್ಕಿ ಮೂಸಿ, "ರಶಾದ್!" ಎಂದು ಹಲ್ಲು ಬಿಟ್ಟು ನಕ್ಕಳು. ಅವರಲ್ಲೂ ಬಾಣಂತಿಗೆ ಕೊಡುವುದು ಅದೇ ಬೀಜವಂತೆ. ನನ್ನ ಭಾರತದ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ನೋಡಿ, ತಲೆಯಾಡಿಸಿ, ಬ್ಯಾಗಿನ ಜಿಪ್ಪು ತಾನೇ ಎಳೆದು ಕೊಟ್ಟಳು. ನಮ್ಮ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು "ಯಾವ ದೇಶದಿಂದ ಬಂದ್ರಿ?" ಎಂದು ಇಂಗ್ಲಿಷಿನಲ್ಲಿ ಕೇಳುವವರಿದ್ದಾರೆ. ಇಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಊರವಳಾಗಿಬಿಟ್ಟೆ.

ಸೂರ್ ದಾರಿ: ಮರ ಎಲ್ಲಿ?

ಸುಮಾಳ ಗಂಡ ಮಹಾಂತೇಶ ಕಾರು ತಂದಿದ್ದ. ಬಾಗಲಕೋಟೆಯ ಹುಡುಗ, ಸೂರಿನ ಹೊರವಲಯದ ಒಂದು ಕಂಪನಿಯ ಆಫೀಸಿನಲ್ಲಿ ನೌಕರರ ವಿಭಾಗ ನೋಡಿಕೊಳ್ಳುತ್ತಾನೆ. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಕಾಗದಗಳೆಲ್ಲ ಅವನ ಮೇಜಿನ ಮೇಲೆ ಹಾದುಹೋಗುತ್ತವೆ.

ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ, ಬೆಟ್ಟದ ಮೇಲೆ ಒಂದೇ ಒಂದು ಮರವಿಲ್ಲ. ಕಾಡಿನಲ್ಲಿ ಹುಟ್ಟಿದ ನನಗೆ ಒಂದು ತಾಸಾದ ಮೇಲೆ ಜೀವ ಹಾರತೊಡಗಿತು. "ಇಲ್ಲಿ ಕಟಗಿಗೆ ಏನ್ ಮಾಡ್ತಾರಪ್ಪಾ?" ಎಂದೆ. "ಮಾವಶಿ, ಗ್ಯಾಸ್ ಐತಿ. ಜಗತ್ತಿಗೆಲ್ಲಾ ಇಲ್ಲಿಂದ ಗ್ಯಾಸ್ ಹೋಗ್ತೈತಿ" ಎಂದು ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ಈ ವರ್ಷ ಕಂಪನಿ ಧಂದೆ ಭಾಳ ಕಡಿಮಿ ಐತ್ರಿ ಅತ್ತಿ. ಪ್ರಾಜೆಕ್ಟ್ ನಿಂತಾವು. ತಿಂಗಳ ಕಡೀಗೆ ಯಾರನ್ನ ತಗೀಬೇಕಂತ ನಾನೂ ಒಂದ್ ಲಿಸ್ಟ್ ಕೊಡಬೇಕು" ಎಂದು ಶಾಂತಾಳಿಗೆ ಹೇಳಿದ. ಶಾಂತಾ "ದೇವರಿದ್ದಾನ" ಎಂದಳು. ಅದು ಅವಳು ಎಲ್ಲ ರೋಗಕ್ಕೂ ಕೊಡುವ ಮಾತ್ರೆ.

ಊರು ಸೇರುವ ಮುಂಚೆ ಬೆಲ್ಲಕ್ಕೆಂದು ಒಂದು ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯ ಯಜಮಾನ ಹಮೀದಾಕ ಬಂಟ್ವಾಳದ ಕಡೆಯ ಬ್ಯಾರಿ. ನನ್ನ ಕನ್ನಡ ಕೇಳಿ ತಕ್ಕಡಿಯನ್ನೇ ಬಿಟ್ಟರು. "ಎಂಥ ಅಕ್ಕಾ, ನೀವು ನಮ್ಮ ಊರಿನವರಾ! ನಾನು ಅರಬ್ಬಿಯಲ್ಲಿ ಶುರು ಮಾಡುವವನಿದ್ದೆ ಮಾರಾಯ್ರೇ." ಬೆಲ್ಲದ ಜೊತೆ ಒಂದು ಹಿಡಿ ಖರ್ಜೂರ ಬಿಟ್ಟಿ ಬಂತು. ವ್ಯಾಪಾರ ಹೇಗಿದೆ ಎಂದರೆ, "ಖಲಾಸ್ ಅಕ್ಕಾ. ಮೊದಲು ಕಪ್ಪು ಹೆಂಗಸರನ್ನು ಮನೆಗೆ ಕಳಿಸ್ತಾರೆ, ಆಮೇಲೆ ನಮ್ಮ ಮಕ್ಕಳನ್ನು, ಕೊನೆಗೆ ಅಂಗಡಿ ಬಾಗಿಲು" ಎಂದರು. ಎಂದವರೇ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ನಾನು ಖರ್ಜೂರ ತಿನ್ನುತ್ತಿದ್ದೆ, ಆ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ದಿನ: ಸ್ನಾನದ ತೊಟ್ಟಿಯಲ್ಲಿ

ಕೂಸಿಗೆ ಆರು ದಿನ. ಹೆಣ್ಣು, ಕೆಂಪಗೆ ಮೆಣಸಿನಕಾಯಿಯಂತಿತ್ತು, ಧ್ವನಿಯೂ ಅಷ್ಟೇ ಖಾರ. ನಮ್ಮಲ್ಲಿ ಬಚ್ಚಲಿನ ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿ ನೀರು ಹಾಕುವುದು. ಇವರ ಮನೆಯ ಬಚ್ಚಲಿನಲ್ಲಿ ಅಷ್ಟು ಜಾಗವಿಲ್ಲ, ಬಿಳಿಯ ಉದ್ದನೆಯ ತೊಟ್ಟಿಯೊಂದಿದೆ. ಇರಲಿ ಎಂದು ತೊಟ್ಟಿಯೊಳಗೇ ಇಳಿದು ಕೂತೆ. ಎಣ್ಣೆ ಹಚ್ಚಿದೆ, ನೀರು ಹಾಕಿದೆ, ಎಲ್ಲ ಸುಸೂತ್ರ. ಕೂಸನ್ನು ಶಾಂತಾ ಎತ್ತಿಕೊಂಡು ಹೋದಳು. ಆಮೇಲೆ ಏಳಲು ಹೋದರೆ ಎಣ್ಣೆಗೆ ಜಾರಿ ಮತ್ತೆ ಕೂತೆ. ಮೂರು ಸಲ ಎದ್ದೆ, ಮೂರು ಸಲ ಕೂತೆ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನೀಲಿ ಸಮವಸ್ತ್ರ, ತಲೆಗೆ ಬಟ್ಟೆ, ಕೈಯಲ್ಲಿ ತೂಕದ ಬುಟ್ಟಿ, ಬಗಲಲ್ಲಿ ರಿಜಿಸ್ಟರು. ನನ್ನನ್ನು ನೋಡಿ ಬೆಚ್ಚಿದಳು. ನಾನು ಅವಳನ್ನು ನೋಡಿ ಬೆಚ್ಚಿದೆ. ಸತ್ತುಹೋದ ನನ್ನ ತಂಗಿ ಎದ್ದು ಬಂದ ಹಾಗಿದ್ದಳು. ಅವಳು ಸ್ವಾಹಿಲಿಯಲ್ಲಿ ಏನೋ ಹೇಳುತ್ತ ಎರಡೂ ಕಂಕುಳಿಗೆ ಕೈ ಹಾಕಿ, ಒಂದೇ ಎಳೆತಕ್ಕೆ ನನ್ನನ್ನು ಮೇಲೆತ್ತಿದಳು. ನಾನೇನು ಹಗುರ ಹೆಂಗಸಲ್ಲ.

ಅವಳೇ ಜುವೇನಾ, ತಾಂಜಾನಿಯಾದ ಕರಾವಳಿಯವಳು. ಸುಮಾಳ ಮನೆಯಿರುವ ಕಂಪನಿಯ ಕಾಲೊನಿಯಲ್ಲಿ ಒಂದು ಉಚಿತ ದವಾಖಾನೆ ಇದೆ. ಕಾಲೊನಿಯವರಿಗಷ್ಟೇ ಅಲ್ಲ, ಪಕ್ಕದ ಮೀನುಗಾರರ ಕೇರಿಗೂ ಅದೇ. ಬಸುರಿಯರ, ಬಾಣಂತಿಯರ ಮನೆಗೆ ಹೋಗಿ ರಕ್ತದೊತ್ತಡ ನೋಡುವುದು, ಕೂಸಿನ ತೂಕ ಹಿಡಿಯುವುದು ಜುವೇನಾಳ ಕೆಲಸ. ಒಂಬತ್ತು ವರ್ಷದಿಂದ ಮಾಡುತ್ತಿದ್ದಾಳೆ. ನಮ್ಮಿಬ್ಬರ ಮಾತು ಹಿಂದಿಯಲ್ಲಿ, ಅವಳದು ನನಗಿಂತ ಚೆನ್ನಾಗಿದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನನ್ನು "ಬೀಬಿ" ಎಂದು ಕರೆದಳು. ಅಂದರೆ ಅಜ್ಜಿ ಎಂದು ತಿಳಿದ ಮೇಲೆ ಸ್ವಲ್ಪ ಬೇಸರವಾಯಿತು. ಅಷ್ಟೇನೂ ವಯಸ್ಸಾಗಿಲ್ಲ ನನಗೆ.

ಅವಳು ಹೋದ ಮೇಲೆ ಸುಮಾ ಹೇಳಿದಳು: "ಮಾವಶಿ, ಎಂಟ್ರಾಗ ನನಗ ಬಿಪಿ ಏರಿತ್ತು. ನನಗ ಗೊತ್ತ ಆಗಿರ್ಲಿಲ್ಲ. ತೆಲಿ ನೋವಂತ ಮಲಗಿದ್ದೆ. ಜುವೇನಾ ಬಂದು ನೋಡಿ, ಆಂಬುಲೆನ್ಸ್ ಬರೂತನಕಾ ಇಲ್ಲೇ ಕುಂತಿದ್ಲು. ಇಲ್ಲಂದ್ರ ಏನಾಗ್ತಿತ್ತೋ." ಎಂಟು ತಿಂಗಳಲ್ಲಿ ಬಿಪಿ ಏರಿದರೆ ಏನಾಗುತ್ತದೆ ಎಂದು ನನಗೂ ಶಾಂತಾಳಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಇಬ್ಬರೂ ಎದ್ದುಹೋಗಿ ಕೂಸಿನ ಹೊದಿಕೆ ಸರಿಮಾಡಿದೆವು.

ನಾಲ್ಕನೇ ದಿನ: ಮೇಲಿನ ಮಹಡಿಯ ಚಹಾ

ನಿಂಬೆಹಣ್ಣು ತೀರಿತ್ತು. ಮೇಲಿನ ಮಹಡಿಯಲ್ಲಿ ಬೆಳಗಾವಿಯ ಹೇಮಾ ಎನ್ನುವವರಿದ್ದಾರೆ, ಕಾಲೊನಿಯ ಹೆಂಗಸರ ಮುಖಂಡಿ, ಅವರಲ್ಲಿ ಕೇಳಿ ಎಂದಳು ಸುಮಾ. ಹೋಗಿ ಗಂಟೆ ಒತ್ತಿದೆ. ಬಾಗಿಲು ಅರ್ಧ ತೆರೆಯಿತು. "ಆಜ್ ನಹೀ, ಬಾದ್ ಮೆ ಆನಾ" ಎಂದು ಬಾಗಿಲು ಮುಚ್ಚಿಕೊಂಡಿತು.

ಮತ್ತೆ ಗಂಟೆ ಒತ್ತಿದೆ. ಬಾಗಿಲು ತೆರೆಯುವ ಮುಂಚೆಯೇ ಬಾಯಿ ತೆರೆದೆ. "ಯವ್ವಾ, ಬಾದ್ ಮೆ ಬಂದ್ರ ಸಾರು ಆರಿ ಹೋಗ್ತೈತಿ. ಎರಡ್ ಲಿಂಬಿಹಣ್ಣ ಕೊಡ್ರಿ. ಸುಮಾನ ಬಾಣಂತನಕ್ಕ ಹಳಿಯಾಳದಿಂದ ಬಂದಾಕಿ ನಾ."

ಹೇಮಾ ಅವರ ಮುಖ ನೋಡಬೇಕಿತ್ತು. "ಅಯ್ಯಯ್ಯ, ತಪ್ಪಾತ್ರಿ! ನಾ ದವಾಖಾನಿ ಹೆಂಗಸು ಅಂದ್ಕೊಂಡೆ" ಎಂದು ಕೈಹಿಡಿದು ಒಳಗೆ ಕರೆದೊಯ್ದರು. ನಿಂಬೆಹಣ್ಣು ಎರಡಲ್ಲ, ಎಂಟು ಬಂದವು. ಏಲಕ್ಕಿ ಹಾಕಿದ ಚಹಾ, ಕರದಂಟು, ಚೂಡಾ. ಕೆಟ್ಟ ಹೆಂಗಸಲ್ಲ, ಧಾರಾಳದ ಕೈ. ಅವರ ಮಗಳೂ ಮಸ್ಕತ್ತಿನಲ್ಲಿ ಐದು ತಿಂಗಳ ಬಸುರಿ, ಹೆರಿಗೆಗೆ ಇಲ್ಲಿಗೇ ಬರುವವಳು. ಆ ಸುದ್ದಿಯ ಬೆನ್ನಿಗೇ ಪತ್ರದ ಸುದ್ದಿ ಬಂತು.

"ಮನಿ ಒಳಗ ಬಂದು ಕೂಸು ಮುಟ್ಟೋರು ನಮ್ಮವರ ಇರಲಿ ಅಂತ ಕಂಪನಿಗೆ ಬರದೇವ್ರಿ. ಎಲ್ಲಾರೂ ಸಹಿ ಮಾಡ್ಯಾರ, ನಿಮ್ಮ ಸುಮಾನೂ ಮಾಡ್ಯಾಳ. ಆ ಕರೀ ಹೆಂಗಸ್ರನ್ನ ನೋಡಿ ಕೂಸುಗಳು ಹೆದರ್ತಾವು. ಹೆಂಗೂ ಮಂದಿ ತಗಿಯಾಕತ್ತಾರಲ್ಲ, ಆ ಮೂರು ಮಂದೀನ್ನ ತಗೀರಿ ಅಂತ."

"ನನ್ನ ನೋಡಿ ಹೆದರಂಗಿಲ್ಲೇನ್ರಿ?" ಎಂದೆ.

"ಏ, ನೀವು ಬ್ಯಾರೆ ಬಿಡ್ರಿ. ನೀವು ನಮ್ಮವರು."

ಒಂದು ಗಳಿಗೆ ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಅರವತ್ತೆರಡು ವರ್ಷ ನಮ್ಮೂರಿನಲ್ಲೇ ಆ ಮಾತಿಗೆ ಕಾದವಳು ನಾನು. ಆಮೇಲೆ ಚಹಾದ ಲೋಟ ಕೆಳಗಿಟ್ಟೆ. ಜುವೇನಾಳನ್ನು ಹೊರಗೆ ಹಾಕುವ ಬಾಗಿಲಿನಿಂದಲೇ ನನ್ನನ್ನು ಒಳಗೆ ಕರೆಯುತ್ತಿದ್ದಾರೆ, ನಾನು ಕರದಂಟು ಮೆಲ್ಲುತ್ತಿದ್ದೇನೆ. ನನ್ನ ಮೇಲೇ ಹೇಸಿಗೆಯಾಯಿತು. ನಿಂಬೆಹಣ್ಣು ಉಡಿಯಲ್ಲಿ ಕಟ್ಟಿಕೊಂಡು ಎದ್ದುಬಂದೆ.

ಅದೇ ಸಂಜೆ: ನನ್ನ ಮುಷ್ಕರ

ಕೆಳಗೆ ಬಂದು ಸುಮಾಳನ್ನು ಕೇಳಿದೆ. ಅವಳು ಅಳತೊಡಗಿದಳು. ಏಳನೇ ತಿಂಗಳಲ್ಲಿ ಹೇಮಾ ಕಾಗದ ತಂದಾಗ ಎಲ್ಲರೂ ಮಾಡಿದ್ದಾರೆಂದು ಓದದೆ ಸಹಿ ಹಾಕಿದಳಂತೆ. ಬಿಪಿ ಏರಿದ್ದು ಅದಾದ ಮೇಲೆ.

ಮಹಾಂತೇಶ ಆಫೀಸಿನಿಂದ ಬಂದ. ಅವನ ಹತ್ತಿರ ವಿಷಯ ಪೂರ್ತಿ ಇತ್ತು. ದವಾಖಾನೆಯಲ್ಲಿ ಆರು ಹೆಂಗಸರು, ಮೂವರು ತಾಂಜಾನಿಯಾದವರು, ಮೂವರು ನಮ್ಮ ದೇಶದವರು. ನಮ್ಮವರು ಬಂದು ಎರಡು ವರ್ಷವೂ ಆಗಿಲ್ಲ. ಅರ್ಧ ಖರ್ಚು ಇಳಿಸಿ ಎಂದು ಮೇಲಿನವರ ಅಪ್ಪಣೆ. ಪತ್ರ ಹೇಗೂ ಕೈಯಲ್ಲಿದೆ, ಆ ಮೂವರ ಹೆಸರು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಮನೆಮನೆಗೆ ಹೋಗುವ ಸೇವೆಯೂ ಅಲ್ಲಿಗೆ ಮುಗಿಯಿತು. ಕೆಲಸ ಹೋದರೆ ವೀಸಾ ಹೋಯಿತು, ಜುವೇನಾ ತನ್ನ ಇಬ್ಬರು ಹೆಣ್ಣುಮಕ್ಕಳ ಓದು ಬಿಡಿಸಲು ಊರಿಗೆ ಹೋಗಬೇಕು. ಬರುವ ಭಾನುವಾರ ಬೆಳಿಗ್ಗೆ ಪಟ್ಟಿ ಮ್ಯಾನೇಜರ ಕೈ ಸೇರಬೇಕು.

"ನಾ ಏನ್ ಮಾಡ್ಲಿ ಮಾವಶಿ, ನಾನೂ ನೌಕರಿ ಮನುಷ್ಯಾ" ಎಂದ.

"ಮನಿಮನಿಗೆ ಹೋಗೂದು ನಿಲ್ಲಿಸಿದ್ರ, ಮುಂದಿನ ಸುಮಾನ ಬಿಪಿ ಯಾರ್ ನೋಡ್ತಾರೋ? ನಿನ್ನ ಫೈಲೇನು?" ಎಂದೆ.

"ಫಿಲ್ಲೂ, ನಾವು ಬಾಣಂತನಕ್ಕ ಬಂದವರು, ಪಂಚಾಯ್ತಿಗಲ್ಲ" ಎಂದಳು ಶಾಂತಾ.

ನನ್ನ ಪಿತ್ತ ನೆತ್ತಿಗೇರಿತು. ಊರಿನಲ್ಲಿ ನರ್ಸುಗಳ ಸಂಘದಲ್ಲಿ ಹನ್ನೆರಡು ವರ್ಷ ಇದ್ದವಳು ನಾನು. ಪರದೇಶದಲ್ಲಿ ಬೀದಿಗಿಳಿದು ಕೂಗುವ ಹಾಗಿಲ್ಲ ಎಂಬ ಬುದ್ಧಿ ನನಗಿದೆ. ಆದರೆ ಅಡುಗೆಮನೆಯಲ್ಲಿ ಯಾವ ಕಾನೂನೂ ಇಲ್ಲ. "ಹಂಗಾರ ಕೇಳ್ರಿ, ಆ ಲಿಸ್ಟ್ ತಿದ್ದೂತನಕಾ ನನ್ನ ಕೆಲಸ ಬಂದ್. ಎಣ್ಣಿ ಇಲ್ಲ, ನೀರಿಲ್ಲ, ಅಂಟಿನ ಉಂಡಿ ಇಲ್ಲ" ಎಂದು ಸೋಫಾದ ಮೇಲೆ ಕಾಲು ಮಡಚಿ ಕೂತೆ.

ಮುಷ್ಕರ ಇಪ್ಪತ್ತು ನಿಮಿಷ ನಡೆಯಿತು. ಇಪ್ಪತ್ತೊಂದನೆಯ ನಿಮಿಷಕ್ಕೆ ಆ ಮೆಣಸಿನಕಾಯಿ ಹೊಟ್ಟೆನೋವಿಗೆ ಕಿರುಚಿತು. ಶಾಂತಾ ಎತ್ತಿದಳು, ನಿಲ್ಲಲಿಲ್ಲ. ಮಹಾಂತೇಶ ಫೋನಿನಲ್ಲಿ ಹಾಡು ಹಾಕಿದ, ಇನ್ನೂ ಜೋರಾಯಿತು. ನಾನು ಎದ್ದು, ಬಜೆ ತೇಯ್ದು, ಹೊಕ್ಕುಳ ಸುತ್ತ ಹಚ್ಚಿದೆ. ಸಂಘದವರು ಇದನ್ನು ಓದಿದರೆ ನನ್ನ ಸದಸ್ಯತ್ವ ರದ್ದು ಮಾಡುತ್ತಾರೆ.

ಆರನೇ ದಿನ: ಹಡಗುಕಟ್ಟೆ

ಜುವೇನಾ ತನ್ನ ಬಿಡುವಿನಲ್ಲಿ ನನ್ನನ್ನೂ ಶಾಂತಾಳನ್ನೂ ಹಡಗು ಕಟ್ಟುವ ಜಾಗಕ್ಕೆ ಕರೆದುಕೊಂಡು ಹೋದಳು. ದೊಡ್ಡ ಮರದ ಹಡಗಿನ ಹೊಟ್ಟೆಯ ಕೆಳಗೆ ನಿಂತು ಹಲಗೆ ಮುಟ್ಟಿದೆ. ಸಾಗವಾನಿ! ನಮ್ಮ ದೇಶದಿಂದ ಬಂದದ್ದಂತೆ. ಮೂಗು ತಾಗಿಸಿ ಮೂಸಿದೆ. ಅಲ್ಲಿದ್ದ ಬಡಗಿ ನನಗೆ ಹುಚ್ಚೆಂದುಕೊಂಡಿರಬೇಕು.

"ನಿಮ್ಮ ಹಿರಿಯರು ಇಂಥದರಲ್ಲೇ ಹೋಗಿರಬೇಕು, ಬೀಬಿ" ಎಂದಳು ಜುವೇನಾ.

"ಕರೆದುಕೊಂಡು ಹೋದರೋ, ಕಟ್ಟಿಕೊಂಡು ಹೋದರೋ" ಎಂದೆ.

"ಕಟ್ಟಿಕೊಂಡು. ನಮ್ಮ ಊರಿನಲ್ಲಿ ಆ ಕಥೆ ಎಲ್ಲರಿಗೂ ಗೊತ್ತು." ಹಲಗೆಯನ್ನು ತಟ್ಟಿ ಅವಳೇ ನಕ್ಕಳು. "ನಾನು ಮಾತ್ರ ವಿಮಾನದಲ್ಲಿ ಬಂದೆ, ವಿಮಾನದಲ್ಲೇ ಹೋಗುತ್ತೇನೆ." ಪಟ್ಟಿಯ ವಿಷಯ ಅವಳಿಗೆ ಗೊತ್ತಿತ್ತು. ಯಾರು ಸಹಿ ಮಾಡಿದ್ದಾರೆಂಬುದೂ ಗೊತ್ತಿತ್ತು. ಸುಮಾಳ ಹೆಸರು ನೋಡಿದ ಮೇಲೂ ಅವಳ ಮನೆಗೆ ಹೋಗಿ ಬಿಪಿ ನೋಡಿದ್ದಳು. ಯಾಕೆ ಎಂದು ಕೇಳಿದೆ. "ಆ ದಿನ ಅವಳ ಸರದಿ ಇತ್ತು" ಎಂದಳು.

ಅವಳು ನೀರು ತರಲು ಹೋದಾಗ ಶಾಂತಾ ಹಡಗಿನ ನೆರಳಿನಲ್ಲಿ ಕೂತು, ನನ್ನ ಮುಖ ನೋಡದೆ ಹೇಳಿದಳು: "ಅವತ್ತ ನಮ್ಮೂರ ದವಾಖಾನ್ಯಾಗ ನಿಮ್ಮ ಸಿದ್ದಿ ಮಂದೀನ್ನ ಕಸಗುಡಿಸೋ ಕೆಲಸದಿಂದ ತಗದಾಗ, ನೀ ಅದನ್ನ ತಡೀಲಾಕ ಸಹಿ ಕಾಗದಾ ತಂದಿದ್ದಿ. ನನಗ ಕೈನೋವು ಅಂತ ಸಹಿ ಮಾಡ್ಲಿಲ್ಲ. ಕೈನೋವು ಇರ್ಲಿಲ್ಲ ಫಿಲ್ಲೂ. ಅಂಜಿಕಿ ಬಂದಿತ್ತು."

"ಗೊತ್ತಿತ್ತು" ಎಂದೆ.

"ಗೊತ್ತಿದ್ದೂ ಇಷ್ಟ್ ವರ್ಷ ನನ್ನ ಕೂಡ ಡಬ್ಬಿ ಹಂಚಿಕೊಂಡ್ಯಾ?"

"ನಿನ್ನ ಡಬ್ಯಾಗ ಎಣ್ಣಿಗಾಯಿ ಛಲೋ ಇರ್ತಿತ್ತು."

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಆ ಸಲ ಕೆಲಸ ಕಳೆದುಕೊಂಡವರಲ್ಲಿ ನನ್ನ ಚಿಕ್ಕಮ್ಮನ ಮಗಳೂ ಇದ್ದಳು. ನನಗೆ ಆಗ ಶಾಂತಾಳ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಒಂದು ವರ್ಷ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಇದನ್ನೆಲ್ಲ ಹೇಳಲು ಸಾವಿರ ಮೈಲಿ ಬರಬೇಕಾಯಿತು ನೋಡಿ.

ಜುವೇನಾ ನೀರು ತಂದಳು. ಶಾಂತಾ ಅವಳನ್ನು ಕೇಳಿದಳು, "ನಿನ್ನ ರಿಜಿಸ್ಟರು ಎರಡು ದಿನ ನನಗೆ ಕೊಡುತ್ತೀಯಾ?"

ಎಂಟನೇ ದಿನ: ರಿಜಿಸ್ಟರು

ಸರ್ಕಾರಿ ನರ್ಸಿನ ಕೈಗೆ ರಿಜಿಸ್ಟರು ಸಿಕ್ಕರೆ ಅವಳು ಬೇರೆಯೇ ಹೆಂಗಸು. ಶಾಂತಾ ಕನ್ನಡಕ ಏರಿಸಿ, ಊಟದ ಮೇಜಿನ ಮೇಲೆ ಹಾಳೆ ಹರಡಿ, ರೂಲು ಎಳೆದು ಕೂತಳು. ತಾಯಂದಿರ ಹೆಸರು ಬೇಡ, ಮನೆಯ ನಂಬರೂ ಬೇಡ, ಜುವೇನಾಳಿಗೆ ಏನು ಕಂಡಿತು, ಏನು ಮಾಡಿದಳು ಎಂಬುದಷ್ಟೇ ಸಾಕು ಎಂದಳು. ಜುವೇನಾಳ ಬರಹ ಚೊಕ್ಕ. ಒಂದು ಕಡೆ ಬಿಪಿ ಏರಿದ ಬಸುರಿ, ಇನ್ನೊಂದು ಕಡೆ ಹಾಲು ಕುಡಿಯದ ಕೂಸು, ಮತ್ತೊಂದು ಕಡೆ ಯಾರಿಗೂ ಹೇಳದೆ ಅಳುತ್ತ ಕೂತಿದ್ದ ಬಾಣಂತಿ. ಕಾಲೊನಿಯವರು, ಮೀನುಗಾರರ ಕೇರಿಯವರು, ನಮ್ಮವರು, ಪಾಕಿಸ್ತಾನದವರು, ಎಲ್ಲ ಒಂದೇ ಶಾಯಿಯಲ್ಲಿ.

ಶಾಂತಾ ಪತ್ರ ಬರೆದಳು. ಬೇಡಿಕೆ ಎರಡೇ. ಮನೆಮನೆಯ ಸೇವೆ ನಿಲ್ಲಬಾರದು. ಖರ್ಚು ಇಳಿಸಲೇಬೇಕಾದರೆ ಬಣ್ಣ ನೋಡಿ ಮೂವರನ್ನು ಕಳಿಸಬೇಡಿ, ಇಳಿತವನ್ನು ಎಲ್ಲರಿಗೂ ಸಮನಾಗಿ ಹಂಚಿ. ಕೆಳಗೆ ಸುಮಾ ಸಹಿ ಹಾಕಿದಳು, ಹಿಂದಿನ ಪತ್ರದಿಂದ ತನ್ನ ಹೆಸರು ತೆಗೆಯಬೇಕೆಂದೂ ಬರೆದಳು. ನಾವಿಬ್ಬರು ವಿಸಿಟ್ ವೀಸಾದವರು, ನಮ್ಮ ಸಹಿಗೆ ಅಲ್ಲಿ ಬೆಲೆಯಿಲ್ಲ. ಒಂದೇ ಸಹಿಯ ಪತ್ರವನ್ನು ಮ್ಯಾನೇಜರು ಚಹಾದ ಲೋಟದ ಕೆಳಗಿಡುತ್ತಾರೆ. ಉಳಿದ ಹೆಂಗಸರೆಲ್ಲ ಒಟ್ಟಿಗೆ ಸಿಗುವುದು ಶುಕ್ರವಾರ, ತೊಟ್ಟಿಲ ಕಾರ್ಯಕ್ಕೆ.

ಶುಕ್ರವಾರ: ಬೆನ್ನಿಗೆ ಗುದ್ದು

ಮಹಾಂತೇಶ ಕಸರತ್ತಿಗೆಂದು ಬಾಗಿಲಿಗೆ ಹಾಕಿಸಿದ್ದ ಕಬ್ಬಿಣದ ಸರಳಿಗೆ ತೊಟ್ಟಿಲು ಕಟ್ಟಿದೆವು. ಎರಡು ವರ್ಷದಲ್ಲಿ ಆ ಸರಳಿಗೆ ಸಿಕ್ಕ ಮೊದಲ ಕೆಲಸ ಅದು ಎಂದಳು ಸುಮಾ. ಕಾಲೊನಿಯ ಹೆಂಗಸರೆಲ್ಲ ಇಳಕಲ್ ಸೀರೆಯಲ್ಲಿ ಬಂದರು. ಹೇಮಾ ಬೆಳ್ಳಿಯ ಬಟ್ಟಲು ತಂದರು. ಸುಮಾ ಕರೆದಿದ್ದರಿಂದ ಜುವೇನಾ ಹಳದಿ ಹೂವಿನ ನಿಲುವಂಗಿ ತೊಟ್ಟು ಬಂದು ಗೋಡೆಯ ಪಕ್ಕ ನಿಂತಳು. ಅವಳ ಸುತ್ತ ಒಂದು ಮೊಳ ಜಾಗ ಖಾಲಿ ಉಳಿಯಿತು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು "ಕುರ್ರ್" ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಕೇಳಬೇಡಿ, ಗುದ್ದಬೇಕು ಅಷ್ಟೇ. ಮಹಾಂತೇಶನ ತಂಗಿ ಬಾಗಲಕೋಟೆಯಿಂದ ಫೋನಿನಲ್ಲೇ ಹೆಸರು ಹೇಳುವುದೆಂದು ಗೊತ್ತಾಗಿತ್ತು. ಫೋನು ಹತ್ತಲಿಲ್ಲ. ಹತ್ತಿದರೆ ಚಿತ್ರವಿಲ್ಲ, ಚಿತ್ರ ಬಂದರೆ ಧ್ವನಿಯಿಲ್ಲ. "ಯಾರರೆ ಒಬ್ರು ಅತ್ತಿ ಆಗ್ರಿ, ಹೊತ್ತು ಮೀರತೈತಿ" ಎಂದರು ಹೇಮಾ. ತಾವೇ ಆಗಲು ಸೆರಗನ್ನೂ ಸರಿಮಾಡಿಕೊಂಡರು.

"ಜುವೇನಾ, ನೀವು ಬರ್ರಿ" ಎಂದಳು ಸುಮಾ.

ಹೇಮಾ ಅವರ ಕೈ ಸೆರಗಿನ ಮೇಲೇ ನಿಂತಿತು. ಸುಮಾ ತೊಟ್ಟಿಲು ಹಿಡಿದು ಎದ್ದು ನಿಂತಳು. "ಈ ಕೂಸು ಬದುಕಿದ್ದು ಇವರಿಂದ. ನಾ ಇವರ ನೌಕರಿ ತಗೀರಿ ಅಂತ ಓದದ ಸಹಿ ಮಾಡೇನಿ. ನನಗ ನಾಚಿಕಿ ಬರ್ತೈತಿ. ಹೆಸರು ಇವರ ಹೇಳ್ಲಿ."

ಜುವೇನಾಳಿಗೆ ಮಾತು ಅರ್ಥವಾಗಿರಲಿಲ್ಲ, ನಾನು ಹಿಂದಿಯಲ್ಲಿ ಹೇಳಿದೆ, ಕೂಸಿನ ಹೆಸರನ್ನೂ ಶಾಸ್ತ್ರವನ್ನೂ ಸೇರಿಸಿ. ಅವಳು ಬಂದು ತೊಟ್ಟಿಲ ಮೇಲೆ ಬಗ್ಗಿದಳು. "ಕುರ್ರ್, ಅಕಿಶಾತಾ" ಎಂದಳು. ಅಕ್ಷತಾ ಎಂಬ ಹೆಸರು ಅವಳ ಬಾಯಲ್ಲಿ ಹಾಗಾಯಿತು. ಎಲ್ಲರೂ ನಿಂತೇ ಇದ್ದರು. ನಾನು ಮೊದಲ ಗುದ್ದು ಹಾಕಿದೆ. ಶಾಂತಾ ಹಾಕಿದಳು. ಹುಡುಗಿಯರು ಹಾಕಿದರು. ಕೊನೆಗೆ ಹೇಮಾ ಅವರೂ ಶಾಸ್ತ್ರ ಬಿಡಬಾರದೆಂದು ಎರಡು ಬೆರಳಿನಿಂದ ಮುಟ್ಟಿದ ಹಾಗೆ ಮಾಡಿದರು. ಸುಮಾಳ ಗೆಳತಿಯೊಬ್ಬಳು "ಜೋರ್ ಹಾಕ್ರೀ ಆಂಟಿ, ಕೂಸಿನ ಆಯುಷ್ಯ ಕಡಿಮಿ ಆಗ್ತೈತಿ" ಎಂದಳು. ಆಗ ಹೇಮಾ ಗಟ್ಟಿಯಾಗಿಯೇ ಗುದ್ದಿದರು.

ನನ್ನಿಂದ ಒಂದು ತಪ್ಪಾಗಿತ್ತು. ಗುದ್ದುತ್ತಾರೆ ಎಂದು ಜುವೇನಾಳಿಗೆ ಹೇಳಿದ್ದೆ, ತಿರುಗಿ ಗುದ್ದಬಾರದೆಂದು ಹೇಳಿರಲಿಲ್ಲ. ಅವಳು ಶಾಸ್ತ್ರ ಪೂರ್ತಿ ಮಾಡುವವಳ ಹಾಗೆ ನೆಟ್ಟಗೆ ನಿಂತು, ತಿರುಗಿ, ಹೇಮಾ ಅವರ ಬೆನ್ನಿಗೆ ಧಡ್ ಎಂದು ಒಂದು ಬಿಟ್ಟಳು. ನನ್ನನ್ನು ತೊಟ್ಟಿಯಿಂದ ಎತ್ತಿದ ಕೈ ಅದು. ಹೇಮಾ ಎರಡು ಹೆಜ್ಜೆ ಮುಂದೆ ಹೋಗಿ ಬೆಳ್ಳಿ ಬಟ್ಟಲಿನ ಪಕ್ಕ ನಿಂತರು.

ಮೊದಲು ನಕ್ಕವಳು ಪುಕ್ಕಲಿ ಶಾಂತಾ. ಆಮೇಲೆ ಇಡೀ ಮನೆ. ಹೇಮಾ ಸಿಟ್ಟಾಗಲು ಪ್ರಯತ್ನ ಮಾಡಿದರು, ಆಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಜುವೇನಾ ಗಾಬರಿಯಿಂದ "ತಪ್ಪಾಯಿತೇ ಬೀಬಿ?" ಎಂದಳು.

ನಗುವಿನಿಂದ ನೌಕರಿ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಊಟಕ್ಕೆ ಎಲೆ ಹಾಕುವ ಮುಂಚೆ ಶಾಂತಾ ಪತ್ರ ತೆಗೆದು ಗಟ್ಟಿಯಾಗಿ ಓದಿದಳು. ಮೂವತ್ತು ವರ್ಷದಲ್ಲಿ ಅವಳ ಧ್ವನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿದ್ದ ಹದಿನಾಲ್ಕು ಹೆಂಗಸರಲ್ಲಿ ಹನ್ನೊಂದು ಮಂದಿ ಸಹಿ ಹಾಕಿದರು. ಇಬ್ಬರು ಗಂಡನನ್ನು ಕೇಳಬೇಕೆಂದರು. ಹೇಮಾ ಕಾಗದವನ್ನು ಎರಡು ಸಲ ಓದಿ, "ನೋಡೋಣ" ಎಂದು ಹೋಳಿಗೆ ಬಡಿಸಲು ಎದ್ದರು.

ಹೊರಡುವ ಹಿಂದಿನ ದಿನ

ಮಹಾಂತೇಶ ಪಟ್ಟಿ ಕೊಡಲಿಲ್ಲ. ಬದಲಿಗೆ ಪತ್ರ, ಶಾಂತಾಳ ಹಾಳೆಗಳು, ತನ್ನದೊಂದು ಟಿಪ್ಪಣಿ ಕೊಟ್ಟ. ಕೊಡುವ ಮುಂಚೆ ಎರಡು ದಿನ ಅವನಿಗೆ ಊಟ ಸೇರಿರಲಿಲ್ಲ, ಪಾಪ. ಮ್ಯಾನೇಜರು ಒಮಾನಿ ಮನುಷ್ಯ. ಮೊದಲು ಬೈದರಂತೆ, ಆಮೇಲೆ ಹಾಳೆಗಳನ್ನು ಮನೆಗೆ ಒಯ್ದರಂತೆ. ಎರಡು ವಾರ ಸುದ್ದಿಯಿಲ್ಲ. ಆ ಎರಡು ವಾರ ನಾನು ಹಾಕಿದ ಸಾರಿಗೆಲ್ಲ ಉಪ್ಪು ಹೆಚ್ಚಾಯಿತು.

ತೀರ್ಮಾನ ಬಂದಾಗ ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ದವಾಖಾನೆಯ ಆರು ಮಂದಿಯೂ ಇರುತ್ತಾರೆ. ಮನೆಮನೆಯ ಸೇವೆಯೂ ಇರುತ್ತದೆ. ಎಲ್ಲರಿಗೂ ವಾರಕ್ಕೆ ಒಂದು ದಿನ ಕೆಲಸ ಕಡಿಮೆ, ಆ ದಿನದ ಪಗಾರವೂ ಕಡಿಮೆ. ಉಳಿದ ಖರ್ಚನ್ನು ಆಫೀಸಿನಲ್ಲಿ ಇಳಿಸುತ್ತಾರೆ, ಮಹಾಂತೇಶನ ವಿಭಾಗದ್ದೂ ಸೇರಿ. ಇಷ್ಟು ಒಂದು ವರ್ಷದ ಮಟ್ಟಿಗೆ, ಮುಂದಿನದು ಮುಂದೆ. ಪೂರ್ತಿ ಗೆಲುವಲ್ಲ. ಪಗಾರ ಇಳಿದ ಮನೆಯಲ್ಲಿ ಯಾರೂ ಸಕ್ಕರೆ ಹಂಚುವುದಿಲ್ಲ.

ಮಧ್ಯಾಹ್ನ ಜುವೇನಾ ತೂಕದ ಬುಟ್ಟಿ ಹಿಡಿದು ಬಂದಳು. ಅಕ್ಷತಾಳ ತೂಕ ಏರಿತ್ತು. ನಾನು ಅವಳನ್ನು ಕಳಿಸಲು ಮೆಟ್ಟಿಲ ತನಕ ಬಂದೆ. ಮೇಲಿನಿಂದ ಹೇಮಾ ಇಳಿಯುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಮಾತು ಮಾತ್ರ ಜುವೇನಾಳ ಜೊತೆ ಆಡಿದರು. ಮಗಳು ಮಸ್ಕತ್ತಿನಿಂದ ಬಂದಿದ್ದಾಳೆ, ಕಾಲು ಬಾತಿವೆ, ಗುರುವಾರ ಒಂದು ಸಲ ಬಂದು ನೋಡುತ್ತೀಯಾ ಎಂದು ಹಿಂದಿಯಲ್ಲಿ ಕೇಳಿದರು. ಕೇಳು ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

"ಗುರುವಾರ ಆಗುವುದಿಲ್ಲ ಮೇಡಂ" ಎಂದಳು ಜುವೇನಾ. "ಗುರುವಾರವನ್ನು ಕಂಪನಿ ತೆಗೆದುಹಾಕಿತು. ನಮ್ಮಲ್ಲಿ ಯಾರನ್ನೂ ತೆಗೆಯಲಿಲ್ಲ."

ಹೇಮಾ ಕೆಳಗೆ ನೋಡಿದರು. ಜುವೇನಾ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಕಾಲು ಬಾತಿದ್ದರೆ ಗುರುವಾರದ ತನಕ ಯಾಕೆ ಕಾಯಬೇಕು? ಈಗಲೇ ನಡೆಯಿರಿ" ಎಂದಳು. ಹೇಮಾ ತಿರುಗಿ ಮೆಟ್ಟಿಲು ಹತ್ತಿ ಮುಂದೆ ಹೋಗಿ, ಬಾಗಿಲನ್ನು ಪೂರ್ತಿ ತೆರೆದು ಹಿಡಿದು ನಿಂತರು.